ಸಿಕ್ಕಿಗೆ ಬಾಗಿಲು ಇರುವುದು ತುದಿಯಲ್ಲಿ

ಭಾನುವಾರ ತಲೆಗೆ ಎರೆದುಕೊಂಡ ಮೇಲೆ ನಮ್ಮಜ್ಜಿ ನನ್ನನ್ನು ಜಗಲಿಯ ಮೆಟ್ಟಿಲ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಅವರ ಎರಡು ಮಂಡಿಗಳ ನಡುವೆ ನನ್ನ ತಲೆ. ಕರಿ ಬಾಚಣಿಗೆಯನ್ನು ನೆತ್ತಿಗೆ ಊರಿ ಒಂದೇ ಸಲಕ್ಕೆ ಸೊಂಟದವರೆಗೆ ಎಳೆಯುತ್ತಿದ್ದರು. ಅದು ಕುತ್ತಿಗೆಯ ಹತ್ತಿರ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಇನ್ನೊಂದು ಸಲ ಜೋರಾಗಿ ಎಳೆದರೆ ‘ಟಕ್’. ನಾನು ಅಯ್ಯೋ ಅಂದರೆ, ‘ಸುಮ್ನೆ ಕೂತ್ಕೊ, ಉದ್ದ ಜಡೆ ಬೇಕು ಅಂದ್ರೆ ಇಷ್ಟಾದ್ರೂ ತಡ್ಕೋಬೇಕು’ ಅನ್ನುತ್ತಿದ್ದರು.

ಆ ‘ಟಕ್’ ಸಿಕ್ಕು ಬಿಟ್ಟ ಸದ್ದು ಅಂತಲೇ ನಾನು ಎಷ್ಟೋ ವರ್ಷ ನಂಬಿದ್ದೆ. ಅದು ಕೂದಲು ತುಂಡಾದ ಸದ್ದು. ಸೀಗೆಪುಡಿಗೆ ಏನು ಬೆರೆಸಬೇಕು, ಯಾವ ಸೊಪ್ಪಿನ ಲೋಳೆ ಒಳ್ಳೆಯದು ಅನ್ನುವುದರಲ್ಲಿ ಅಜ್ಜಿಯ ಮಾತು ಇವತ್ತಿಗೂ ತಪ್ಪಿಲ್ಲ. ಬಾಚುವ ವಿಷಯದಲ್ಲಿ ಮಾತ್ರ ಅವರದು ಪೂರ್ತಿ ತಲೆಕೆಳಗು. ಕೆಳಗಿನಿಂದ ಶುರು ಮಾಡಬೇಕಾದದ್ದನ್ನು ಮೇಲಿನಿಂದ ಶುರು ಮಾಡುತ್ತಿದ್ದರು.

ಮಂಗಳೂರು ಹೆಂಚಿನ ಮಾಡು

ಕೆಳಗಿನಿಂದಲೇ ಯಾಕೆ? ಅದಕ್ಕೆ ಮೊದಲು ಕೂದಲಿನ ಮೈ ಹೇಗಿದೆ ಅಂತ ನೋಡಬೇಕು. ಬರಿಗಣ್ಣಿಗೆ ಅದು ನುಣ್ಣನೆಯ ದಾರ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಂಗಳೂರು ಹೆಂಚಿನ ಮಾಡು. ಒಂದರ ಮೇಲೊಂದು ಹೊದ್ದುಕೊಂಡ ಚಪ್ಪಟೆ ಪೊರೆಗಳು, ಎಲ್ಲದರ ಅಂಚೂ ಕೂದಲಿನ ತುದಿಯ ಕಡೆಗೆ. ಮಳೆನೀರು ಸೂರಿನ ಕಡೆ ಇಳಿದುಹೋಗಲಿ ಅಂತ ಹೆಂಚು ಹೊದಿಸುತ್ತಾರಲ್ಲ, ಹಾಗೇ. ಬುಡದ ಹತ್ತಿರ ಇಂಥ ಪೊರೆ ಐದರಿಂದ ಹತ್ತು ಪದರ ಇರುತ್ತದೆ. ಅದರ ಒಳಗೆ ಕೆರಾಟಿನ್ ಅನ್ನುವ ಪ್ರೋಟೀನಿನ ಎಳೆಗಳ ಕಟ್ಟು. ಕೂದಲಿನ ಗಟ್ಟಿತನವೆಲ್ಲ ಆ ಕಟ್ಟಿನದು. ನುಣುಪು, ಹೊಳಪು, ಸಿಕ್ಕಾಗುವುದು, ಆಗದಿರುವುದು ಹೆಂಚಿಗೆ ಸೇರಿದ್ದು.

ನಂಬಿಕೆ ಬರದಿದ್ದರೆ ಈಗಲೇ ಒಂದು ಪರೀಕ್ಷೆ ಮಾಡಿ. ಬಾಚಣಿಗೆಯಿಂದ ಒಂದು ಉದ್ದ ಕೂದಲು ತಗೊಂಡು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯಿರಿ. ಒಂದು ಬೆರಳನ್ನು ಕೂದಲಿನ ಉದ್ದಕ್ಕೆ ಹಿಂದೆ ಮುಂದೆ ಮೆಲ್ಲಗೆ ಉಜ್ಜುತ್ತಾ ಹೋಗಿ. ನೀವು ಎರಡೂ ಕಡೆ ಒಂದೇ ಸಮ ಉಜ್ಜಿದರೂ ಕೂದಲು ಮಾತ್ರ ಒಂದೇ ದಿಕ್ಕಿಗೆ ತೆವಳುತ್ತದೆ, ಬುಡ ಮುಂದೆ, ತುದಿ ಹಿಂದೆ. ತಿರುಗಿಸಿ ಹಿಡಿದು ಮತ್ತೆ ಉಜ್ಜಿ. ಆಗಲೂ ಬುಡವೇ ಮುಂದೆ. ಬೆರಳು ಬುಡದಿಂದ ತುದಿಗೆ ಹೋಗುವಾಗ ಹೆಂಚಿನ ಮೇಲೆ ಜಾರಿಹೋಗುತ್ತದೆ. ತುದಿಯಿಂದ ಬುಡಕ್ಕೆ ಬರುವಾಗ ಅಂಚುಗಳಿಗೆ ತಗುಲಿ ಕೂದಲನ್ನೂ ಜೊತೆಗೆ ತಳ್ಳಿಕೊಂಡು ಬರುತ್ತದೆ. ಕಬ್ಬಿನ ಗರಿ ಸವರಿ ಕೈ ಕೊಯ್ದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಇದನ್ನೇ ತಲೆಯ ಮೇಲೆ ಊಹಿಸಿಕೊಳ್ಳಿ. ನಮ್ಮ ತಲೆಯಲ್ಲಿ ಹೆಚ್ಚುಕಡಿಮೆ 1 ಲಕ್ಷ ಕೂದಲಿವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಕೂದಲು ಗಿಡ್ಡ ಇದ್ದರೆ ಉದುರಿದ್ದು ಅಂಗಿಯ ಮೇಲೋ ನೆಲದ ಮೇಲೋ ಬೀಳುತ್ತದೆ. ಉದ್ದ ಜಡೆಯಲ್ಲಿ ಅದು ಬೀಳುವುದೇ ಇಲ್ಲ, ಅಕ್ಕಪಕ್ಕದ ಕೂದಲಿನ ನಡುವೆ ಉಳಿದುಬಿಡುತ್ತದೆ. ಎರಡೂ ತುದಿ ಬಿಡುವಾಗಿರುವ ಈ ಸತ್ತ ಕೂದಲು ದಿಂಬಿಗೆ, ಬಟ್ಟೆಗೆ, ಗಾಳಿಗೆ ಉಜ್ಜಿದಂತೆಲ್ಲ ನೀವು ಬೆರಳಲ್ಲಿ ನೋಡಿದ ಹಾಗೆ ತೆವಳುತ್ತಾ ಹೋಗಿ ಉಳಿದವನ್ನು ಸುತ್ತಿಕೊಳ್ಳುತ್ತದೆ. ಮೂರು ದಿನ ಬಾಚದೆ ಬಿಟ್ಟ ತಲೆಯಲ್ಲಿ ಸಿಕ್ಕು ಬಿಡಿಸಿ ನೋಡಿ. ಕೈಗೆ ಬರುವ ಉಂಡೆಯಲ್ಲಿ ಬಹುಪಾಲು ಇಂಥ ಅಲೆಮಾರಿ ಕೂದಲೇ ಇರುತ್ತವೆ. ‘ಬಾಚಿದರೆ ಕೂದಲು ಉದುರುತ್ತೆ’ ಅಂತ ಹೆದರಿ ಬಾಚುವುದನ್ನೇ ಬಿಟ್ಟವರಿಗೆ ಸಿಕ್ಕು ಇನ್ನೂ ಜಾಸ್ತಿ ಆಗುವುದು ಇದೇ ಕಾರಣಕ್ಕೆ.

ಇನ್ನೊಂದು ವಿಷಯ ಇದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷ ವಯಸ್ಸು. ಒಂದನೇ ಕ್ಲಾಸಿಗೆ ಸೇರಿದ ಹುಡುಗಿ ಆರನೇ ಕ್ಲಾಸಿಗೆ ಬರುವಷ್ಟು ಕಾಲ ಅದು ಬಿಸಿಲು, ಸೋಪು, ಬಾಚಣಿಗೆ, ಟವೆಲ್ ಎಲ್ಲವನ್ನೂ ತಿಂದಿದೆ. ಜೀವ ಇರುವುದು ಚರ್ಮದ ಒಳಗಿನ ಬುಡಕ್ಕೆ ಮಾತ್ರ. ಹೊರಗೆ ಬಂದದ್ದು ಸವೆದರೆ ತಾನಾಗಿ ರಿಪೇರಿ ಆಗುವುದಿಲ್ಲ. ಹಾಗಾಗಿ ತುದಿಯ ಕಡೆ ಹೆಂಚು ಒಡೆದಿರುತ್ತದೆ, ಎದ್ದಿರುತ್ತದೆ, ಕೆಲವು ಕಡೆ ಮಾಡೇ ಬೋಳಾಗಿರುತ್ತದೆ. ಹೊಸ ಹೆಂಚಿನ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಕೊಬ್ಬಿನ ಲೇಪ ಅಂಟಿಕೊಂಡಿರುತ್ತದೆ. ಬ್ಲೀಚು, ಬಣ್ಣ, ಸ್ಟ್ರೈಟನಿಂಗ್ ಮಾಡಿಸಿದರೆ ಮೊದಲು ಹೋಗುವುದು ಅದು. ಪಾರ್ಲರಿನಿಂದ ಬಂದ ಎರಡು ವಾರಕ್ಕೆ ‘ಕೂದಲು ನಾರಿನ ಹಾಗಾಯ್ತು’ ಅನ್ನುತ್ತೇವಲ್ಲ, ಅದು ಬರೀ ಹೋಲಿಕೆ ಅಲ್ಲ. ಮೈಮೇಲಿನ ಜಾರು ಹೋಗಿ ತಿಕ್ಕಾಟ ನಿಜವಾಗಿಯೂ ಜಾಸ್ತಿ ಆಗಿರುತ್ತದೆ.

ಸಿಕ್ಕು, ಗಂಟು, ಕಗ್ಗಂಟು

ನಮ್ಮ ಮಾತಿನಲ್ಲೇ ಇದಕ್ಕೆ ಮೂರು ಮೆಟ್ಟಿಲಿದೆ. ಕೂದಲು ಒಂದರ ಮೇಲೊಂದು ಅಡ್ಡ ಬಿದ್ದು ಸುತ್ತಿಕೊಂಡರೆ ಸಿಕ್ಕು. ಅದನ್ನು ಎಳೆದು ಬಿಗಿ ಮಾಡಿದರೆ ಗಂಟು. ಇನ್ನೂ ಎಳೆದರೆ ಕಗ್ಗಂಟು. ತಾನಾಗಿ ಆಗುವುದು ಮೊದಲನೆಯದು ಮಾತ್ರ. ಉಳಿದೆರಡು ನಾವು ಮಾಡುವುದು.

ಸಿಕ್ಕಿನಲ್ಲಿ ಇರುವ ಸುರುಳಿಗಳಲ್ಲಿ ಎಷ್ಟೋ ಜೀರುಗುಣಿಕೆಯ ಹಾಗಿರುತ್ತವೆ. ಎಳೆದಷ್ಟೂ ಬಿಗಿ. ಕೂದಲು ತುಂಡಾಗುವುದು ಅಲ್ಲೇ. ನೆಟ್ಟಗೆ ಹಿಡಿದು ಎಳೆದರೆ ಒಂದೇ ಒಂದು ಕೂದಲು 50ರಿಂದ 100 ಗ್ರಾಂ ಭಾರ ತಡೆಯುತ್ತದೆ, ಒಂದು ಈರುಳ್ಳಿಯನ್ನು ತೂಗುಹಾಕಬಹುದು. ಅಷ್ಟು ಗಟ್ಟಿ ಇರುವುದು ಬಾಚಣಿಗೆಯ ಎಳೆತಕ್ಕೆ ಯಾಕೆ ಹೋಗುತ್ತದೆ?

ಬಾಗುವುದರಿಂದ. ಬೆತ್ತವನ್ನು ಬಗ್ಗಿಸಿದರೆ ಹೊರಮೈ ಹಿಗ್ಗುತ್ತದೆ, ಒಳಮೈ ಮುದುಡುತ್ತದೆ. ಬಾಗು ಚಿಕ್ಕದಾದಷ್ಟೂ ಹೊರಮೈ ಜಾಸ್ತಿ ಹಿಗ್ಗಬೇಕು. ಸಿಕ್ಕಿನೊಳಗೆ ಒಂದು ಕೂದಲು ಬಿಗಿಯಾಗಿ ಬಾಗುವುದು ಯಾವುದರ ಸುತ್ತ? ತನ್ನಷ್ಟೇ ಸಣ್ಣದಾದ ಇನ್ನೊಂದು ಕೂದಲಿನ ಸುತ್ತ. ಲೆಕ್ಕ ಹಾಕಿದರೆ ಅಲ್ಲಿ ಹೊರಮೈ ಶೇಕಡ 50ರಷ್ಟು ಹಿಗ್ಗಬೇಕಾಗುತ್ತದೆ. ಒಣ ಕೂದಲು ಶೇಕಡ 40–50ರಷ್ಟು ಹಿಗ್ಗುವಷ್ಟರಲ್ಲಿ ತುಂಡಾಗುವ ವಸ್ತು. ಅಂದರೆ ಗಂಟು ಪೂರ್ತಿ ಬಿಗಿಯಾಗುವ ಹೊತ್ತಿಗೆ, ನೀವು ಜೋರು ಎಳೆಯದಿದ್ದರೂ, ಆ ಬಾಗಿನಲ್ಲಿ ಅದರ ಕತೆ ಮುಗಿದಿರುತ್ತದೆ. ಎರಡು ಜಡೆ ಒಂದು ಕಡೆ ಸೇರಲ್ಲ ಅಂತ ಗಾದೆ ಕಟ್ಟಿದವರು ಹೆಂಗಸರನ್ನು ಬಿಟ್ಟು ಈ ಎರಡು ಕೂದಲನ್ನು ನೋಡಿ ಹೇಳಿದ್ದರೆ ಒಪ್ಪಬಹುದಿತ್ತು.

ಬಸ್ಸಿನ ಬಾಗಿಲು

ತುಂಬಿದ ಬಸ್ಸು ನಿಲ್ದಾಣಕ್ಕೆ ಬಂದಿದೆ ಅಂದುಕೊಳ್ಳಿ. ಬಾಗಿಲು ಒಂದೇ. ಹಿಂದಿನ ಸೀಟಿನವರು ಅವಸರಕ್ಕೆ ಬಿದ್ದು ತಳ್ಳಿದರೆ ಏನಾಗುತ್ತದೆ? ಯಾರೂ ಇಳಿಯುವುದಿಲ್ಲ, ಎಲ್ಲರೂ ಬಾಗಿಲ ಹತ್ತಿರ ಒತ್ತಿಕೊಂಡು ನಿಲ್ಲುತ್ತಾರೆ. ಮೊದಲು ಬಾಗಿಲಲ್ಲಿ ನಿಂತವರು ಇಳಿಯಬೇಕು, ಆಮೇಲೆ ಅವರ ಹಿಂದಿನವರು.

ಕೂದಲಿನ ಒಂದು ತುದಿ ತಲೆಗೆ ನೆಟ್ಟಿದೆ. ಬಿಡುವಾಗಿರುವುದು ಇನ್ನೊಂದು ತುದಿ ಮಾತ್ರ. ಎರಡು ಕೂದಲು ಒಂದಕ್ಕೊಂದು ಹತ್ತು ಸುತ್ತು ಸುತ್ತಿಕೊಂಡಿದ್ದರೆ ಆ ಹತ್ತೂ ಸುತ್ತು ಹೊರಗೆ ಹೋಗಬೇಕಾದದ್ದು ಆ ತುದಿಯಿಂದಲೇ, ಬೇರೆ ದಾರಿ ಇಲ್ಲ. ನೆತ್ತಿಯಿಂದ ಬಾಚಣಿಗೆ ಎಳೆದರೆ ಮೇಲಿನ ಸುತ್ತುಗಳೆಲ್ಲ ಕೆಳಗಿನ ಸುತ್ತುಗಳ ಮೇಲೆ ಹೋಗಿ ಕೂರುತ್ತವೆ. ಹತ್ತು ಸಡಿಲ ಸುತ್ತು ಸೇರಿ ಒಂದು ಬಿಗಿ ಗಂಟಾಗುತ್ತದೆ. ಸಿಕ್ಕನ್ನು ಕಗ್ಗಂಟು ಮಾಡುವ ಅಜ್ಜಿಯ ವಿಧಾನ ಇದೇ.

ಇದರ ಮೇಲೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯೇ ನಡೆದಿದೆ. ಅಲ್ಲಿ ಗಣಿತ, ಭೌತಶಾಸ್ತ್ರದ ಪ್ರೊಫೆಸರ್ ಆಗಿರುವ ಎಲ್. ಮಹಾದೇವನ್ ಮತ್ತು ಅವರ ತಂಡ ಎರಡು ಎಳೆಗಳನ್ನು ಹುರಿ ಹಗ್ಗದ ಹಾಗೆ ಸುತ್ತಿಟ್ಟು, ಅವುಗಳ ನಡುವೆ ಬಾಚಣಿಗೆಯ ಒಂದೇ ಹಲ್ಲನ್ನು ಹಾಯಿಸಿ, ಎಷ್ಟು ಬಲ ಬೇಕು, ಸುತ್ತು ಹೇಗೆ ಬಿಚ್ಚುತ್ತದೆ ಅಂತ ಅಳೆದರು. 2022ರಲ್ಲಿ ‘ಸಾಫ್ಟ್ ಮ್ಯಾಟರ್’ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅವರ ಲೆಕ್ಕವೂ ಇದನ್ನೇ ಹೇಳಿತು. ಬಿಡುವಾದ ತುದಿಯಿಂದ ಶುರು ಮಾಡಿ, ಚಿಕ್ಕ ಚಿಕ್ಕ ಎಳೆತದಲ್ಲಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಬೇಕು. ಪ್ರತಿ ಎಳೆತಕ್ಕೂ ಒಂದಿಷ್ಟು ಸುತ್ತು ಹೊರಗೆ ಹೋಗುತ್ತದೆ, ಬಲವೂ ಕಡಿಮೆ ಸಾಕು. ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದವರ ಜೊತೆ ಸೇರಿ ಇದನ್ನು ಒಂದು ರೋಬೋಟಿಗೂ ಕಲಿಸಿದ್ದಾರೆ. ಅದು ಬ್ರಶ್ ಹಿಡಿದು ವಿಗ್ಗು ಬಾಚುತ್ತದೆ, ಎಲ್ಲಿ ಬಿಗಿ ಅನ್ನಿಸಿತೋ ಅಲ್ಲಿ ಎಳೆತ ಚಿಕ್ಕದು ಮಾಡಿಕೊಳ್ಳುತ್ತದೆ. ನನಗೆ ಇಷ್ಟವಾದದ್ದು ಇದರ ಹಿಂದಿನ ಕತೆ. ಮಹಾದೇವನ್ ಮಗಳು ಚಿಕ್ಕವಳಿದ್ದಾಗ ಅವಳ ತಲೆ ಬಾಚುವ ಕೆಲಸ ಇವರಿಗೆ ಬಿದ್ದಿತ್ತಂತೆ. ತಾಳ್ಮೆ ಸಾಲದೆ ಬೇಗನೆ ಆ ಕೆಲಸದಿಂದ ವಜಾ ಆದರಂತೆ.

ಹುಣಸೆ ಬೀಜದಷ್ಟು ಗಂಟು

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಕೂದಲು ಬೆನ್ನಿನ ಅರ್ಧಕ್ಕೆ ಬರುತ್ತದೆ, ಸಣ್ಣ ಎಳೆ, ಕುತ್ತಿಗೆಯ ಹತ್ತಿರ ಸ್ವಲ್ಪ ಗುಂಗುರು. ಯುಗಾದಿ ರಜೆಗೆ ಬಂದಾಗ ಬಲಕಿವಿಯ ಹಿಂದೆ ಹುಣಸೆ ಬೀಜದಷ್ಟು ಗಂಟು ಇತ್ತು. ‘ಕತ್ತರಿಸಿಬಿಡು ಚಿಕ್ಕಿ’ ಅಂದಳು. ಕತ್ತರಿ ಒಳಗಿಟ್ಟು ಕೂತೆ.

ಮೊದಲು ಅದರ ಸುತ್ತಲಿನ ಸಿಕ್ಕಿಲ್ಲದ ಕೂದಲನ್ನೆಲ್ಲ ಕ್ಲಿಪ್ ಹಾಕಿ ಪಕ್ಕಕ್ಕೆ ಸರಿಸಿದೆ. ಗಂಟಿರುವ ಎಳೆ ಮಾತ್ರ ಕೈಯಲ್ಲಿ. ಎರಡು ಹನಿ ಕೊಬ್ಬರಿ ಎಣ್ಣೆ ಗಂಟಿನ ಮೇಲೆ ಬಿಟ್ಟು ಬೆರಳಿನಿಂದ ಹಿಸುಕಿ, ಐದು ನಿಮಿಷ ಹಾಗೇ ಬಿಟ್ಟೆವು. ಆಮೇಲೆ ಗಂಟಿನಿಂದ ಮೇಲೆ, ತಲೆಗೂ ಗಂಟಿಗೂ ನಡುವೆ, ಎಡಗೈಯಲ್ಲಿ ಎಳೆಯನ್ನು ಬಿಗಿಯಾಗಿ ಹಿಡಿದೆ. ಇಡೀ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಹಾಗೆ ಹಿಡಿದರೆ ಎಳೆತ ನಿಮ್ಮ ಮುಷ್ಟಿಯಲ್ಲೇ ನಿಲ್ಲುತ್ತದೆ, ತಲೆಗೆ ಹೋಗುವುದಿಲ್ಲ. ಮಗು ಅಳುವುದಿಲ್ಲ. ಅಳದ ಮಗುವಿನ ತಲೆಯಲ್ಲಿ ನಿಮಗೂ ಅವಸರ ಇರುವುದಿಲ್ಲ.

ಬಾಚಣಿಗೆ ಇನ್ನೂ ಮುಟ್ಟಿರಲಿಲ್ಲ. ಗಂಟಿನ ಕೆಳಗಿರುವ ಬಾಲವನ್ನು ಮೊದಲು ಬೆರಳಿನಲ್ಲೇ ಬಿಡಿಸಿದೆ. ನಂತರ ಗಂಟನ್ನು ಉದ್ದಕ್ಕೆ ಎಳೆಯದೆ ಅಡ್ಡಕ್ಕೆ ಹಿಂಜಿದೆ, ಹತ್ತಿ ಹಿಂಜುವ ಹಾಗೆ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಉದ್ದಕ್ಕೆ ಎಳೆದರೆ ಜೀರುಗುಣಿಕೆ ಬಿಗಿಯುತ್ತದೆ, ಅಡ್ಡಕ್ಕೆ ಹಿಂಜಿದರೆ ಸುರುಳಿ ದೊಡ್ಡದಾಗುತ್ತದೆ. ಬಾಗು ದೊಡ್ಡದಾದರೆ ತುಂಡಾಗುವ ಭಯ ಅಲ್ಲಿಗೇ ಕಡಿಮೆ ಆಯಿತು. ಹಿಂಜುತ್ತಾ ಹೋದಂತೆ ಗಂಟು ಬೀಜದಿಂದ ನೆಲ್ಲಿಕಾಯಿಯಷ್ಟು ದೊಡ್ಡದಾಯಿತು, ಆಮೇಲೆ ಒಂದು ಪುಟ್ಟ ಬಲೆಯ ಹಾಗೆ ಹರಡಿಕೊಂಡಿತು. ಒಳಗೆ ಯಾವ ಕಡೆಯೂ ಸೇರದ ಐದಾರು ಕೂದಲು ಕಾಣಿಸಿದವು. ಅವನ್ನು ಒಂದೊಂದಾಗಿ ಎಳೆದರೆ ಸಲೀಸಾಗಿ ಬಂದವು. ಅವು ಬಂದ ಮೇಲೆ ಉಳಿದದ್ದು ತಾನೇ ಬಿದ್ದುಹೋಯಿತು. ಕೊನೆಗೆ ಅಗಲ ಹಲ್ಲಿನ ಬಾಚಣಿಗೆ, ತುದಿಯ ಎರಡು ಬೆರಳಗಲ ಮೊದಲು, ಅದು ಸಲೀಸಾದ ಮೇಲೆ ಅದರ ಮೇಲಿನ ಎರಡು ಬೆರಳಗಲ. ಒಟ್ಟು ಇಪ್ಪತ್ತು ನಿಮಿಷ.

ಬಾಚಣಿಗೆ ಎಲ್ಲಾದರೂ ತಡೆದರೆ ತಳ್ಳಬೇಡಿ. ಹೊರಗೆ ತೆಗೆದು, ಒಂದು ಅಂಗುಲ ಕೆಳಗಿನಿಂದ ಮತ್ತೆ ಶುರು ಮಾಡಿ. ದಿನದಿನದ ಬಾಚುವಿಕೆಗೂ ಇಷ್ಟೇ ನಿಯಮ.

ಒದ್ದೆಯಲ್ಲೋ ಒಣಗಿದ ಮೇಲೋ

ಈ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲರದೂ ಸ್ವಲ್ಪ ಸ್ವಲ್ಪ ಸರಿ, ಯಾಕೆಂದರೆ ಅವರವರ ಕೂದಲು ಬೇರೆ.

ಕೂದಲು ತನ್ನ ತೂಕದ ಸುಮಾರು ಶೇಕಡ 30ರಷ್ಟು ನೀರು ಕುಡಿಯುತ್ತದೆ. ದಪ್ಪ ಶೇಕಡ 15ರಷ್ಟು ಜಾಸ್ತಿ ಆಗುತ್ತದೆ, ಹೆಂಚುಗಳ ಅಂಚು ಮೇಲೇಳುತ್ತದೆ. ಕೆರಾಟಿನ್ ಎಳೆಗಳನ್ನು ಹಿಡಿದಿಟ್ಟ ಸಣ್ಣ ಸಣ್ಣ ಕೊಂಡಿಗಳು ನೀರಿನಲ್ಲಿ ಬಿಟ್ಟುಕೊಳ್ಳುತ್ತವೆ. ಹಾಗಾಗಿ ಒದ್ದೆ ಕೂದಲು ಸಲೀಸಾಗಿ ಹಿಗ್ಗುತ್ತದೆ, ಆದರೆ ಒಣ ಕೂದಲಿನಷ್ಟು ಗಟ್ಟಿ ಅಲ್ಲ. ರಬ್ಬರಿನ ಹಾಗೆ ಹಿಗ್ಗಿತಲ್ಲ ಅಂತ ಖುಷಿ ಪಡುವಂತಿಲ್ಲ. ಒಂದು ಮಿತಿ ದಾಟಿದರೆ ಮತ್ತೆ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಜೊತೆಗೆ ನೀರಿನ ಅಂಟಿಗೆ ಕೂದಲೆಲ್ಲ ಒಂದಕ್ಕೊಂದು ಮೆತ್ತಿಕೊಂಡು ಹಗ್ಗದ ಹಾಗಾಗಿರುತ್ತದೆ. ನೇರ ಕೂದಲಿದ್ದವರು ಸ್ನಾನದ ಮನೆಯಿಂದ ಹೊರಬಂದ ತಕ್ಷಣ ಬಾಚಬಾರದು ಅನ್ನುವುದು ಇದಕ್ಕೇ. ಅವರು ಸಿಕ್ಕು ಬಿಡಿಸಬೇಕಾದದ್ದು ಸ್ನಾನಕ್ಕೆ ಮೊದಲು, ಎಣ್ಣೆ ಹಚ್ಚಿದಾಗ. ಆಮೇಲೆ ಮುಕ್ಕಾಲು ಒಣಗಿದ ನಂತರ ಮತ್ತೊಂದು ಸಲ.

ಗುಂಗುರು ಕೂದಲಿನ ಕತೆ ತದ್ವಿರುದ್ಧ. ಒಣಗಿದಾಗ ಒಂದೊಂದು ಕೂದಲೂ ಸ್ಪ್ರಿಂಗು, ಪಕ್ಕದ ಸ್ಪ್ರಿಂಗಿಗೆ ಸಿಕ್ಕಿಕೊಂಡಿರುತ್ತದೆ. ಒಣ ಬಾಚಣಿಗೆ ಹಾಕಿದರೆ ಚಟಪಟ ಅಂತ ಹರಿಯುತ್ತದೆ. ಒದ್ದೆಯಾದಾಗ ಸುರುಳಿ ಸಡಿಲಾಗಿ ಉದ್ದವಾಗುತ್ತದೆ, ಬಾಚಲು ಬೇಕಾಗುವ ಬಲವೂ ಇಳಿಯುತ್ತದೆ. ಅವರು ಸ್ನಾನದಲ್ಲೇ, ತಲೆಯಲ್ಲಿ ಕಂಡೀಷನರ್ ಇರುವಾಗಲೇ, ಬೆರಳು ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಗುಂಗುರು ಕೂದಲಿನ ಮಗುವನ್ನು ಹಿಡಿದು, ಒಣಗಿಸಿ, ಎಣ್ಣೆ ಮೆತ್ತಿ, ನೆಟ್ಟಗೆ ಬಾಚಿ, ಎರಡು ಜಡೆ ಬಿಗಿದು ಶಾಲೆಗೆ ಕಳಿಸಿದ್ದೇ ಬಂತು. ಎಷ್ಟೋ ಹೆಣ್ಣುಮಕ್ಕಳು ತಮ್ಮದು ಗುಂಗುರು ಕೂದಲು ಅನ್ನುವುದನ್ನೇ ತಿಳಿಯದೆ, ‘ನಂದು ಕೆಟ್ಟ ಕೂದಲು’ ಅಂದುಕೊಂಡು ದೊಡ್ಡವರಾದರು.

ಜಾರು

ಸಿಕ್ಕು ಬಿಡಿಸುವುದಕ್ಕೆ ಹಚ್ಚುವ ಎಲ್ಲದರ ಕೆಲಸ ಒಂದೇ, ಹೆಂಚಿನ ಮೇಲೆ ಜಾರು ಮಾಡುವುದು. ದಾಸವಾಳದ ಎಲೆ ಕಿವುಚಿದಾಗ ಬರುವ ಲೋಳೆ, ನೆನೆಸಿ ರುಬ್ಬಿದ ಮೆಂತ್ಯ, ಲೋಳೆಸರ, ಅಂಗಡಿಯ ಕಂಡೀಷನರ್, ನೂರು ರೂಪಾಯಿಗೆ ಬೆರಳಷ್ಟು ಬರುವ ಸೀರಂ ಎಲ್ಲವೂ ಮಾಡುವುದು ಅದನ್ನೇ. ದಾಸವಾಳದ ಲೋಳೆಯಿಂದ ಕೂದಲು ಬೆಳೆಯುತ್ತದೆ ಅನ್ನುವ ಮಾತು ಬೇಡ. ಬೆರಳು ಸಲೀಸಾಗಿ ಜಾರುತ್ತದೆ, ಕಡಿಮೆ ತುಂಡಾಗುತ್ತದೆ, ಅದರಿಂದ ಉದ್ದ ಉಳಿಯುತ್ತದೆ. ಅಷ್ಟು ಸಾಕಲ್ವಾ?

ಕಂಡೀಷನರಿನಲ್ಲಿ ಒಂದು ಜಾಣತನ ಇದೆ. ಕೂದಲಿನ ಮೈಗೆ, ಅದರಲ್ಲೂ ಸವೆದ ಜಾಗದಲ್ಲಿ, ಋಣ ವಿದ್ಯುತ್ ಇರುತ್ತದೆ. ಕಂಡೀಷನರಿನ ಮುಖ್ಯ ಪದಾರ್ಥಗಳಿಗೆ ಧನ ವಿದ್ಯುತ್. ಹಾಗಾಗಿ ನೀವು ಹೇಗೇ ಹಚ್ಚಿದರೂ ಅದು ಜಾಸ್ತಿ ಅಂಟಿಕೊಳ್ಳುವುದು ಜಾಸ್ತಿ ಹಾಳಾದ ಜಾಗಕ್ಕೆ. ತುದಿಗೆ ಹಚ್ಚಿ, ನೆತ್ತಿಗೆ ಬೇಡ. ನೆತ್ತಿಯ ಹತ್ತಿರದ್ದು ಹೊಸ ಹೆಂಚು, ಅದಕ್ಕೆ ಚರ್ಮದ ಜಿಡ್ಡೇ ಸಾಕು.

ಇನ್ನು ಕೊಬ್ಬರಿ ಎಣ್ಣೆ. 2003ರಲ್ಲಿ ಮುಂಬಯಿಯ ಮಾರಿಕೊ ಕಂಪನಿಯ ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ತೊಳೆದು ಬಾಚಿದಾಗ ಕೂದಲಿನಿಂದ ಹೋಗುವ ಪ್ರೋಟೀನನ್ನು ಗಣನೀಯವಾಗಿ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಜಾಸ್ತಿ ಇರುವ ಲಾರಿಕ್ ಆಸಿಡ್ಡಿನ ಕಣ ಚಿಕ್ಕದು, ನೇರವಾದದ್ದು, ಆದ್ದರಿಂದ ಕೂದಲಿನ ಒಳಗೆ ಇಳಿಯುತ್ತದೆ. ಒಳಗೆ ಎಣ್ಣೆ ಇದ್ದರೆ ನೀರು ಕುಡಿದು ಉಬ್ಬುವುದು ಕಡಿಮೆ. ಪ್ಯಾರಾಶೂಟ್ ಎಣ್ಣೆ ಮಾರುವ ಕಂಪನಿಯೇ ಮಾಡಿದ ಅಧ್ಯಯನ ಇದು ಅನ್ನುವುದನ್ನೂ ಹೇಳಿಬಿಡಬೇಕು. ಆದರೆ ಎಣ್ಣೆ ಒಳಗೆ ಇಳಿಯುತ್ತದೆ ಅನ್ನುವುದನ್ನು ಬೇರೆ ಪ್ರಯೋಗಗಳೂ ತೋರಿಸಿವೆ. ನನ್ನ ಮಟ್ಟಿಗೆ, ರಾತ್ರಿ ಎಣ್ಣೆ ಹಚ್ಚಿ ಬೆಳಿಗ್ಗೆ ಸಿಕ್ಕು ಬಿಡಿಸಿ ಆಮೇಲೆ ತಲೆಗೆ ನೀರು ಹಾಕಿಕೊಳ್ಳುವ ನಮ್ಮ ಹಳೇ ಕ್ರಮಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಸ್ನಾನದ ಸೋಪನ್ನೇ ತಲೆಗೂ ಹಾಕುವ ಅಭ್ಯಾಸ ಇದ್ದರೆ ಬಿಡಿ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಗಸಿ ಇದೆಯಲ್ಲ, ಅದೇ ಕೂದಲ ಮೇಲೂ ಕೂರುತ್ತದೆ. ಸೀಗೆಕಾಯಿಗೂ ಶಾಂಪೂಗೂ ಈ ತೊಂದರೆ ಅಷ್ಟಿಲ್ಲ.

ಬಾಚಣಿಗೆ, ಟವೆಲ್, ದಿಂಬು

ಬಾಚಣಿಗೆ ಮರದ್ದೋ ಪ್ಲಾಸ್ಟಿಕ್ಕೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಹಲ್ಲಿನ ಸಂದಿಗೆ ಉಗುರು ಹಾಕಿ ಸವರಿ. ಅಗ್ಗದ ಅಚ್ಚಿನ ಬಾಚಣಿಗೆಯಲ್ಲಿ ಎರಡು ಅಚ್ಚು ಕೂಡುವ ಜಾಗದಲ್ಲಿ ಒಂದು ಚೂಪು ಗೆರೆ ಉಗುರಿಗೆ ತಗಲುತ್ತದೆ. ಆ ಗೆರೆ ದಿನಾ ಹೆಂಚು ಕೆರೆಯುತ್ತದೆ. ಅದು ಇಲ್ಲದ, ಹಲ್ಲು ಅಗಲ ಇರುವ, ತುದಿ ಮೊಂಡಾಗಿರುವ ಯಾವುದಾದರೂ ಸರಿ. ಹೇನಿಗೆ ಬಳಸುವ ಸೀರಣಿಗೆಯನ್ನು ಸಿಕ್ಕು ಪೂರ್ತಿ ಬಿಡಿಸಿದ ಮೇಲೆ ಮಾತ್ರ, ಕಂಡೀಷನರ್ ಹಚ್ಚಿದ ಒದ್ದೆ ಕೂದಲಿಗೆ ಹಾಕಿ.

ಬಗ್ಗಿ ನಿಂತು, ಟವೆಲನ್ನು ಹುರಿ ಮಾಡಿ ಒದ್ದೆ ಕೂದಲಿಗೆ ಪಟಪಟ ಹೊಡೆದು ಒಣಗಿಸುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಮೆತ್ತಗಾಗಿ ನಿಂತ ಕೂದಲನ್ನು ಹಾಗೆ ಹೊಡೆಯಬಾರದು. ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ ಹಿಂಡಿದರೆ ಸಾಕು. ರಾತ್ರಿ ಬಿಟ್ಟುಕೊಂಡು ಮಲಗಬೇಡಿ, 'ಸಡಿಲ ಜಡೆ' ಹಾಕಿ. ಬೈಕಿನ ಹಿಂದೆ ಕೂರುವಾಗಲೂ ಅಷ್ಟೇ. ಹೆಲ್ಮೆಟ್ಟಿನ ಕೆಳಗೆ ಹಾರುವ ಕೂದಲು ಹತ್ತು ಕಿಲೋಮೀಟರಿನಲ್ಲಿ ಒಂದು ವಾರದ ಸಿಕ್ಕು ಮಾಡಿಕೊಂಡು ಬರುತ್ತದೆ.

ತಾನಾಗಿ ಬಿದ್ದ ಜಡೆ

ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಕುಗ್ಗಿ ದಪ್ಪ ಹಲಗೆಯ ಹಾಗಾಗುತ್ತದೆ. ಉಣ್ಣೆಯೂ ಕೂದಲೇ, ಅದಕ್ಕೂ ಹೆಂಚಿದೆ. ಒದ್ದೆಯಲ್ಲಿ ಉಜ್ಜಿದಾಗ ಒಂದೊಂದು ಎಳೆಯೂ ಬುಡದ ಕಡೆಗೆ ತೆವಳಿ, ಹಿಂದೆ ಬರಲಾಗದೆ, ಇನ್ನೊಂದರ ಜೊತೆ ಹೆಣೆದುಕೊಳ್ಳುತ್ತದೆ. ಮನುಷ್ಯರ ತಲೆಯಲ್ಲೂ ಇದೇ ಆಗಬಹುದು. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಲ್ಲಿ, ಬಾಣಂತನದಲ್ಲಿ ಬಾಚದೆ ಉಳಿದವರಲ್ಲಿ, ಮನಸ್ಸಿನ ಕಾಯಿಲೆಯಲ್ಲಿ ತಮ್ಮ ಆರೈಕೆ ಮರೆತವರಲ್ಲಿ, ಕೆಲವೊಮ್ಮೆ ಹೊಸ ಶಾಂಪೂ ಹಾಕಿ ಜೋರಾಗಿ ತಿಕ್ಕಿದ ಒಂದೇ ದಿನದಲ್ಲೂ ಕೂದಲು ಗಟ್ಟಿ ಮುದ್ದೆ ಆಗಿಬಿಡುತ್ತದೆ. ವೈದ್ಯರು ಇದನ್ನು ಪ್ಲೈಕಾ ಪೊಲೊನಿಕಾ ಅನ್ನುತ್ತಾರೆ.

ಉತ್ತರ ಕರ್ನಾಟಕದಲ್ಲಿ, ದಕ್ಷಿಣ ಮಹಾರಾಷ್ಟ್ರದಲ್ಲಿ ಇದಕ್ಕೆ ಬೇರೆ ಅರ್ಥ ಇತ್ತು, ಕೆಲವರಿಗೆ ಈಗಲೂ ಇದೆ. ತಲೆಯಲ್ಲಿ ತಾನಾಗಿ ಜಡೆ ಬಿತ್ತು ಅಂದರೆ ಅದು ಸವದತ್ತಿ ಎಲ್ಲಮ್ಮನ ಕರೆ. ಅದನ್ನು ಬಾಚಬಾರದು, ಕತ್ತರಿಸಬಾರದು, ಅರಿಸಿನ ಹಚ್ಚಿ ಪೂಜಿಸಬೇಕು. ಆ ಜಡೆಯ ನೆಪದಲ್ಲಿ ಹೆಣ್ಣುಮಕ್ಕಳನ್ನು ದೇವಿಗೆ ಬಿಟ್ಟದ್ದೂ ಉಂಟು. ಹಾಗೆ ಬಿಡುವುದನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು, ಜಡೆ ಕತ್ತರಿಸುವುದನ್ನೇ ಕೆಲಸ ಮಾಡಿಕೊಂಡ ಸುಧಾರಕರೂ ಬಂದರು. ಜಡೆ ಇಟ್ಟುಕೊಂಡ ಹೆಂಗಸಿನ ಇಷ್ಟ ಕೇಳದೆ ಕತ್ತರಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಹತ್ತು ವರ್ಷದ ಹುಡುಗಿಯ ತಲೆಯಲ್ಲಿ ಮುದ್ದೆ ಕಂಡರೆ ಅದು ಎಣ್ಣೆ, ಬೆರಳು, ತಾಳ್ಮೆ ಕೇಳುವ ಸಿಕ್ಕು, ಅಷ್ಟೇ. ಹೊಸದಾಗಿದ್ದರೆ ಎಣ್ಣೆ ಹಾಕಿ ದಿನಕ್ಕೆ ಒಂದು ತಾಸಿನಂತೆ ಕೂತು ಬಿಡಿಸಲು ಬರುತ್ತದೆ. ಕಲ್ಲಿನಂತಾಗಿದ್ದರೆ ಕತ್ತರಿಸಬೇಕು. ಕೂದಲು ಮತ್ತೆ ಬರುತ್ತದೆ, ಬುಡಕ್ಕೇನೂ ಆಗಿರುವುದಿಲ್ಲ.

ಬಾಚಣಿಗೆಯಲ್ಲಿ ಉಳಿದದ್ದು

ನೀವು ಬಾಚುವ ರೀತಿ ಸರಿ ಇದೆಯೋ ಇಲ್ಲವೋ ತಿಳಿಯಲು ಒಂದು ದಾರಿ ಇದೆ. ಬಾಚಿದ ಮೇಲೆ ಬಾಚಣಿಗೆಯ ಕೂದಲನ್ನು ಉಂಡೆ ಮಾಡಿ ಎಸೆಯಬೇಡಿ. ಬಿಳಿ ಕಾಗದದ ಮೇಲೆ ಒಂದೊಂದಾಗಿ ಹರಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಗುಂಡಿ ಇದ್ದರೆ ಅದು ಕಾಲ ಮುಗಿದು ಬುಡದಿಂದ ಬಂದ ಕೂದಲು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ದಿನಕ್ಕೆ ನೂರರ ಆಸುಪಾಸು ಇರುವವರೆಗೆ. ಅದಕ್ಕಿಂತ ತುಂಬಾ ಜಾಸ್ತಿ ವಾರಗಟ್ಟಲೆ ಬರುತ್ತಿದ್ದರೆ ಬಾಚಣಿಗೆಯನ್ನು ಬೈಯದೆ ಚರ್ಮದ ಡಾಕ್ಟರನ್ನು ನೋಡಿ. ಗುಂಡಿ ಇಲ್ಲದ್ದು, ಅದರಲ್ಲೂ ಒಂದೆರಡು ಅಂಗುಲದ ಚೂರು, ತುಂಡಾದದ್ದು. ಅದು ನಮ್ಮ ಕೈಯ ಕೆಲಸ.

ರಜೆ ಮುಗಿಸಿ ಹೊರಡುವ ದಿನ ಅಕ್ಕನ ಮಗಳು ತಾನೇ ಬಾಚಿಕೊಂಡು ಕಾಗದ ತಂದಳು. ಹದಿನೇಳು ಕೂದಲು. ಹದಿನೈದಕ್ಕೆ ಗುಂಡಿ ಇತ್ತು. ಉಳಿದ ಎರಡು ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ‘ಇದು ಬಾಚಿದ್ದಕ್ಕಲ್ಲ ಚಿಕ್ಕಿ, ರಬ್ಬರ್ ಬ್ಯಾಂಡ್ ಎಳೆದಿದ್ದಕ್ಕೆ’ ಅಂದಳು.